ನಕಾಶೆಗಳಲ್ಲಿ ಅಳತೆಗೆರೆಗಳ ವ್ಯವಸ್ಥೆ

ಪ್ರಾಚೀನ ದೇವಾಲಯ, ಮಠ, ಬಾವಿ, ವಾಡೆಗಳನ್ನು ಕುರಿತ ಲೇಖನಗಳ ಜೊತೆಗೆ ನಕಾಶೆಗಳನ್ನು ಅಚ್ಚು ಹಾಕಿಸುವ ಪದ್ಧತಿಯು ನಮ್ಮ ಸಂಶೋಧನ ಪತ್ರಿಕೆಗಳಲ್ಲಿ ಬಹುಕಾಲದಿಂದ ನಡೆದುಬಂದಿದೆ. ಲೇಖನದ ಒಂದೊಂದು ಅಕ್ಷರವನ್ನೂ ತಿದ್ದಿ ತೀಡಿ ಕಳಿಸುವ ವಿದ್ವಾಂಸರು ನಕಾಶೆಯನ್ನು ಮಾತ್ರ ನಕಾಶೆಗಾರನು ಕೊಟ್ಟಂತೆಯೇ ಸಂಪಾದಕರ ಕೈಗೆ ಒಪ್ಪಿಸಿಬಿಡುವರು. ಅದರಲ್ಲಿಯ ಗೆರೆಗಳು ಒಂದರ ಮೇಲೊಂದು ಹಾಯ್ದಿದ್ದರೂ, ಅಂಕಿಗಳು ಕಂಬದ ಗುರುತಿನೊಳಗೆ ಹೂತುಹೋಗಿದ್ದರೂ, ಅದು ಯಂತ್ರಶಾಸ್ತ್ರದವರ ವಿಷಯ, ನಮ್ಮದಲ್ಲ, ಎಂಬ ಭಾವನೆಯು ನಮ್ಮಲ್ಲಿ ಬೇರೂರಿದೆ. ಈ ಭಾವನೆಯು ತಪ್ಪೆಂದು ನಾನು ಸ್ವಾನುಭವದಿಂದ ಕಲಿತೆನು. ಆ ಅನುಭವವನ್ನು ಮುಂದೆ ಹೇಳುವೆನು. ಮೊದಲು ವಿಷಯದ ಸ್ವರೂಪವನ್ನು ತಿಳಿಯುವದು ಅವಶ್ಯವು.

ಇದರ ಮಹತ್ವವು ಎಲ್ಲ ಸೀಮೆಗಳಲ್ಲಿಯೂ ಒಂದೇ ತೆರನಾಗಿಲ್ಲ. ಬೀಳಗಿ, ಜಮಖಂಡಿ, ಮುಧೋಳಗಳ ನಡುವಿನ ಕೃಷ್ಣಾತೀರದಲ್ಲಿ, ಗಾಲವ ಋಷಿಯ ತಪೋಭೂಮಿಯೆಂದು ಸ್ಥಳಪುರಾಣವು ಕೊಂಡಾಡುವ ಗಲಗಲಿಯ ಸುತ್ತಿನಲ್ಲಿ, ನಕಾಶೆಯೆಂದರೆ ಬರಿಯ ಅಲಂಕಾರವಲ್ಲ. ಆಲಮಟ್ಟಿಯ ಅಣೆಕಟ್ಟಿಗೆ ೧೯೬೪ರಲ್ಲಿ ಅಸ್ತಿಭಾರವನ್ನು ಹಾಕಿದಂದಿನಿಂದ ಈ ತೀರದ ಊರುಗಳ ಭವಿತವ್ಯವು ನೀರಿನ ಮಟ್ಟದ ಒಂದು ಅಂಕಿಗೆ ಕಟ್ಟುಬಿದ್ದಿದೆ. ಹಳೆಯ ಬಾಗಲಕೋಟೆಯ ಎಷ್ಟೋ ಓಣಿಗಳು ನೀರೊಳಗಾಗಿ ನವನಗರವು ಎದ್ದಿತು. ನೀರು ಬಂದ ಮೇಲೆ ಕಟ್ಟಡದ ಬಳಿ ಹೋಗಿ ಮತ್ತೊಮ್ಮೆ ಅಳೆಯುವದು ಸಾಧ್ಯವಿಲ್ಲ. ನಕಾಶೆಯಲ್ಲಿ ಉಳಿದದ್ದೇ ಉಳಿಯಿತು. ನಾರಾಯಣಪುರದ ಜಲಾಶಯವಾದಾಗ ಕೂಡಲಸಂಗಮದ ಐಕ್ಯಮಂಟಪದ ಸುತ್ತಲೂ ಬಾವಿಯಂತೆ ಗೋಡೆಯನ್ನು ಎತ್ತರಿಸಿ ಅದನ್ನು ಇದ್ದಲ್ಲಿಯೇ ಉಳಿಸಿಕೊಂಡರು. ಆದರೆ ಶ್ರೀಶೈಲದ ಜಲಾಶಯಕ್ಕಾಗಿ ಕೂಡವೆಲ್ಲಿಯ ಸಂಗಮೇಶ್ವರ ದೇವಾಲಯವನ್ನು, ಬಾದಾಮಿಯ ಚಾಲುಕ್ಯರ ಕಾಲದ ಆ ಕಟ್ಟಡವನ್ನು, ಕಲ್ಲುಕಲ್ಲಾಗಿ ಬಿಚ್ಚಿ ಆಲಂಪುರದಲ್ಲಿ ಮರಳಿ ಕಟ್ಟಬೇಕಾಯಿತು. ಈಜಿಪ್ತ ದೇಶದ ಅಬು ಸಿಂಬೆಲಿನ ಗುಡಿಗಳನ್ನು ೧೯೬೪ರಿಂದ ೧೯೬೮ರ ವರೆಗೆ ಹೀಗೆಯೇ ಎತ್ತಿ ಇಟ್ಟರು. ಇಂಥ ಕಾರ್ಯಗಳಲ್ಲಿ ಕಲ್ಲಿಗೆ ಅದರ ಸ್ಥಾನವನ್ನು ಹೇಳತಕ್ಕದ್ದು ಅಳತೆಯ ಅಂಕಿಯೇ.

ಅಳತೆಗೆರೆಗೆ ಅಂಗಗಳು ನಾಲ್ಕು. ಅಳೆಯಲ್ಪಟ್ಟ ಎರಡು ಬಿಂದುಗಳಿಂದ ಹೊರಕ್ಕೆ ಚಾಚುವ ಎರಡು ತೆಳುಗೆರೆಗಳು, ಇವನ್ನು ಚಾಚುಗೆರೆಗಳೆನ್ನೋಣ. ಅವುಗಳ ನಡುವೆ ಅಡ್ಡಲಾಗಿ ಎಳೆದದ್ದು ಅಳತೆಗೆರೆ. ಅದರ ಎರಡು ಕೊನೆಗಳಲ್ಲಿಯ ಬಾಣದ ತುದಿ, ಓರೆಗೀಟು ಇಲ್ಲವೆ ಚುಕ್ಕೆ ಮೂರನೆಯದು. ನಾಲ್ಕನೆಯದು ಅಂಕಿ. ಇವುಗಳಲ್ಲಿ ಸಾಮಾನ್ಯ ಓದುಗನ ಕಣ್ಣಿಗೆ ಬೀಳುವದು ಅಂಕಿಯೊಂದೇ. ಆದರೆ ಅಂಕಿಗೆ ಅರ್ಥವನ್ನು ಕೊಡುವವು ಚಾಚುಗೆರೆಗಳು. ವೈಯಾಕರಣರು ಅಪಾದಾನದ ಲಕ್ಷಣವನ್ನು ಹೇಳುವಾಗ, ಅಗಲುವಿಕೆಯಲ್ಲಿ ಯಾವದು ನಿಶ್ಚಲವಾಗಿ ನಿಂತಿರುವದೋ ಅದು ಅಪಾದಾನವೆನ್ನುವರು. ‘ಊರಿಂದ ಬಂದನು’ ಎಂಬಲ್ಲಿ ಊರು ನಿಶ್ಚಲವು. ಪ್ರತಿಯೊಂದು ಅಳತೆಗೂ ಇಂಥದೊಂದು ಅಪಾದಾನವು ಬೇಕೇ ಬೇಕು. ‘ಎಲ್ಲಿಂದ ಎಲ್ಲಿಗೆ’ ಎಂಬದನ್ನು ಹೇಳದೆ ‘ಒಂದೂವರೆ ಮೀಟರು’ ಎಂದರೆ ಕಾರಕವಿಲ್ಲದ ಕ್ರಿಯಾಪದದಂತೆ ಅದು ಆಕಾಂಕ್ಷೆಯನ್ನು ಉಳಿಸಿಕೊಂಡೇ ಇರುವದು.

ನಮ್ಮ ಪೂರ್ವಿಕರು ಈ ವಿಷಯದಲ್ಲಿ ಎಚ್ಚರಗೇಡಿಗಳಾಗಿರಲಿಲ್ಲ. ಶುಲ್ಬಸೂತ್ರಗಳಲ್ಲಿ ವೇದಿಯ ರಚನೆಯನ್ನು ಹೇಳುವ ಕ್ರಮವನ್ನು ಗಮನಿಸಬೇಕು. ಸೋಮಯಾಗದ ಮಹಾವೇದಿಯು ಪೂರ್ವಪಶ್ಚಿಮವಾಗಿ ೩೬ ಪ್ರಕ್ರಮ, ಪಶ್ಚಿಮದ ಬದಿಯಲ್ಲಿ ೩೦, ಪೂರ್ವದ ಬದಿಯಲ್ಲಿ ೨೪. ಆದರೆ ಅಳೆಯುವವನು ನಾಲ್ಕು ಬದಿಗಳನ್ನು ಒಂದರ ಹಿಂದೊಂದರಂತೆ ಅಳೆಯುತ್ತ ಸುತ್ತಿ ಬರುವದಿಲ್ಲ. ಮೊದಲು ನಡುವೆ ಪೃಷ್ಠ್ಯಾ ಎಂಬ ಪೂರ್ವಪಶ್ಚಿಮರೇಖೆಯನ್ನು ಹಗ್ಗದಿಂದ ನಿಲ್ಲಿಸಿ, ಎರಡು ಕೊನೆಗೂ ಗೂಟ ಹೊಡೆದು, ಆ ರೇಖೆಯಿಂದ ಎರಡೂ ಪಕ್ಕಗಳಿಗೆ ಹೊರಡುವನು; ಪಶ್ಚಿಮದಲ್ಲಿ ೧೫-೧೫, ಪೂರ್ವದಲ್ಲಿ ೧೨-೧೨. ಆಪಸ್ತಂಬನು ಹೇಳಿದಂತೆ ೫೪ ಪ್ರಕ್ರಮದ ಹಗ್ಗದಿಂದ ೧೫, ೩೬, ೩೯ರ ತ್ರಿಕೋಣವು ಏರ್ಪಟ್ಟು ಮೂಲೆಯ ಲಂಬತೆಯೂ ತಾನಾಗಿ ಸಿದ್ಧಿಸುವದು. ವೇದಿಯ ಕ್ಷೇತ್ರಫಲವು ೯೭೨. ಇಲ್ಲಿ ಗ್ರಹಿಸಬೇಕಾದ ತತ್ತ್ವವೇನೆಂದರೆ, ಎಲ್ಲ ಅಳತೆಗಳಿಗೂ ಒಂದೇ ಮೂಲರೇಖೆಯು ಅಪಾದಾನವಾಗಿರುವದು. ಒಂದು ಗೂಟವು ತುಸು ಸರಿದರೆ ಅದರ ದೋಷವು ಅಲ್ಲಿಯೇ ನಿಲ್ಲುವದು, ಮುಂದಿನದಕ್ಕೆ ದಾಟದು.

ಈಗಿನ ನಕಾಶೆಯ ಶಾಸ್ತ್ರದಲ್ಲಿಯೂ ಇದೇ ವಿವೇಕವಿದೆ. ಅಳತೆಗಳನ್ನು ಸರಪಳಿಯ ಕೊಂಡಿಗಳಂತೆ ಒಂದರ ಕೊನೆಯಿಂದ ಮತ್ತೊಂದನ್ನು ಹಿಡಿದು ಬರೆಯುವದು ಒಂದು ಕ್ರಮ. ಎಲ್ಲವನ್ನೂ ಒಂದೇ ಮೂಲದಿಂದ ಬರೆಯುವದು ಇನ್ನೊಂದು ಕ್ರಮ. ಆಗಿನ ಭಾರತೀಯ ಮಾನಕ ಸಂಸ್ಥೆಯು ೧೯೮೬ರಲ್ಲಿ ಪ್ರಕಟಿಸಿದ ೧೧೬೬೯ನೆಯ ಮಾನಕದಲ್ಲಿ ಅಳತೆಗಳನ್ನು ಗುರುತಿಸುವ ಇಂಥ ನಿಯಮಗಳು ಸಂಗ್ರಹವಾಗಿವೆ. ನಕಾಶೆಯೊಡನೆ ವ್ಯವಹರಿಸುವ ಸಾಹಿತ್ಯಜ್ಞರೂ ಅದನ್ನು ಒಮ್ಮೆ ನೋಡುವದು ಲೇಸು. ಸರಪಳಿಯ ಕ್ರಮದಲ್ಲಿ ಪ್ರತಿಯೊಂದು ಕೊಂಡಿಯ ಅಲ್ಪದೋಷವೂ ಮುಂದಿನದಕ್ಕೆ ಕೂಡುತ್ತ ಹೋಗುವದು. ಇದಕ್ಕೆ ಉದಾಹರಣೆಯನ್ನು ಕೊಡಲು ಹೊರಟರೆ ನನ್ನ ಪ್ರಮಾದದ ಕಥೆಯನ್ನೇ ಹೇಳಬೇಕಾಗುವದು.

ಗಲಗಲಿಗೆ ದೂರವಲ್ಲದ, ಕೃಷ್ಣೆಯ ತಡಿಯ ಒಂದು ಊರಿನಲ್ಲಿ ನಾಲ್ಕು ಕಂಬಗಳ ಮುಮ್ಮುಖವುಳ್ಳ ಒಂದು ಚಿಕ್ಕ ಮಂಟಪವಿತ್ತು. ಊರು ಬೇರೆಡೆಗೆ ಹೋಗುವದು ಗೊತ್ತಾದ ಮೇಲೆ ನಾನೂ ಪಾಠಶಾಲೆಯ ಇಬ್ಬರು ವಿದ್ಯಾರ್ಥಿಗಳೂ ಹೋಗಿ ಟೇಪು ಹಿಡಿದು ಅದನ್ನು ಅಳೆದೆವು. ಜಗತಿಯ ಒಟ್ಟು ಅಗಲವನ್ನು ಒಂದೇ ಎಳೆತದಲ್ಲಿ ಅಳೆದದ್ದು ೫.೪೮ ಮೀಟರು. ಬಳಿಕ ಬಿಡಿಬಿಡಿಯಾಗಿ ಅಳೆದೆವು: ಎಡದ ಅಂಚಿನಿಂದ ಕಂಬಕ್ಕೆ ೦.೪೨, ಪ್ರತಿಯೊಂದು ಕಂಬ ೦.೩೬, ಪಕ್ಕದ ಅಂಕಣಗಳು ತಲಾ ೧.೦೨, ಕೊನೆಯ ಕಂಬದಿಂದ ಬಲದ ಅಂಚಿಗೆ ೦.೪೧. ನಡುವಣ ಅಂಕಣದಲ್ಲಿ ಯಾರೋ ಹಿಂದೊಮ್ಮೆ ತಂದಿಟ್ಟ ನಂದಿಯು ಅಡ್ಡವಾಗಿದ್ದರಿಂದ ಟೇಪು ಕಂಬದ ಮೈಯಿಂದ ಮೈಗೆ ಕೂಡ್ರಲಿಲ್ಲ. ಆದುದರಿಂದ ಮೇಲೆ, ಕಂಬದ ಬೋದಿಗೆಗಳ ನಡುಮಧ್ಯದಿಂದ ನಡುಮಧ್ಯಕ್ಕೆ ಅಳೆದು, ೧.೫೬ ಎಂದು ಕೂಗಿ ಹೇಳಿದೆನು. ಹುಡುಗನು ಬರೆದುಕೊಂಡನು. ‘ಮಧ್ಯದಿಂದ ಮಧ್ಯಕ್ಕೆ’ ಎಂಬ ಮಾತನ್ನು ನಾನು ಹೇಳಲೂ ಇಲ್ಲ, ಅವನು ಬರೆಯಲೂ ಇಲ್ಲ.

ಆ ಟಿಪ್ಪಣಿಯು ಪಟ್ಟಣದ ಒಬ್ಬ ನಕಾಶೆಗಾರನ ಕೈಗೆ ಹೋಯಿತು. ಅವನು ಗಣಕಯಂತ್ರದಲ್ಲಿ ೧.೫೬ನ್ನು ಕಂಬಗಳ ನಡುವಿನ ಬರಿದಾದ ಅಂತರವೆಂದೇ ತಿಳಿದು ಎಳೆದನು. ಆಗ ಒಟ್ಟು ಅಗಲವು ೫.೮೭ ಆಯಿತು. ಟಿಪ್ಪಣಿಯಲ್ಲಿ ೫.೪೮ ಎಂದಿದೆ. ಯಂತ್ರವು ತಾನೇ ಅಳೆದು ೫.೮೭ ಎಂದು ತೋರಿಸಿದ ಅಂಕಿಯನ್ನು ಅಳಿಸಿ ಅವನು ಅದರ ಸ್ಥಾನದಲ್ಲಿ ೫.೪೮ ಎಂದು ಕೈಯಿಂದ ಒತ್ತಿ ಮುಗಿಸಿದನು. ಟಿಪ್ಪಣಿಗೆ ನಕಾಶೆಯು ಹೊಂದಿತು. ನೋಡಲು ಅತ್ಯಂತ ಅಚ್ಚುಕಟ್ಟಾದ ನಕಾಶೆ! ಗೆರೆಗಳೆಲ್ಲ ಸಮಾಂತರ, ಬಾಣಗಳೆಲ್ಲ ಒಂದೇ ಗಾತ್ರ. ನಾನು ಅದನ್ನು ನೋಡಿ ಸಂತೋಷಪಟ್ಟು, ನಡುವಣ ಅಂಕಣವು ಪಕ್ಕದವುಗಳ ಒಂದೂವರೆ ಪಟ್ಟು ಇದೆಯೆಂದೂ, ಇದು ಶಿಲ್ಪಿಯು ಬೇಕೆಂದೇ ಇಟ್ಟ ೩:೨ರ ಪ್ರಮಾಣವೆಂದೂ, ಅದಕ್ಕೆ ಶಾಸ್ತ್ರಾಧಾರವಿರಬೇಕೆಂದೂ ಒಂದು ಲೇಖನವನ್ನು ಬರೆದು ಪ್ರಕಟಿಸಿದೆನು. ಒಂದೂವರೆ ವರುಷದ ಮೇಲೆ ಯಂತ್ರಶಾಸ್ತ್ರವನ್ನು ಓದುತ್ತಿದ್ದ ಒಬ್ಬ ಹುಡುಗನು ಬಂದು, ‘ಆಚಾರ್ಯರೇ, ನಿಮ್ಮ ಅಂಕಿಗಳನ್ನು ಕೂಡಿಸಿ ನೋಡಿದಿರೇನ್ರಿ?’ ಎಂದು ಕೇಳಿದನು. ಕೂಡಿಸಿ ನೋಡಿದೆನು. ಅಷ್ಟರಲ್ಲಿ ಮಂಟಪದ ಕಲ್ಲುಗಳು ಎಲ್ಲೆಲ್ಲಿಗೋ ಹೋಗಿದ್ದವು.

ಪಾಠಶೋಧನವನ್ನು ಬಲ್ಲವರಿಗೆ ಮುಂದಿನ ಕ್ರಮವು ಪರಿಚಿತವಾದದ್ದೇ. ೫.೮೭ರಲ್ಲಿ ೫.೪೮ನ್ನು ಕಳೆದರೆ ೦.೩೯ ಉಳಿಯುವದು. ಒಂದು ಕಂಬದ ಅಗಲವು ೦.೩೬. ಮಧ್ಯದಿಂದ ಮಧ್ಯಕ್ಕೆ ಅಳೆದಲ್ಲಿ ಎರಡು ಅರ್ಧಕಂಬಗಳು, ಎಂದರೆ ಸರಿಯಾಗಿ ಒಂದು ಕಂಬವು, ಹೆಚ್ಚಾಗಿ ಬರುವದು. ಲಿಪಿಕಾರನು ಒಂದೇ ಪದವನ್ನು ಎರಡು ಸಲ ಬರೆದಾಗ ಛಂದಸ್ಸು ಎಷ್ಟು ಮಾತ್ರೆ ಕೆಡುವದೋ ಅಷ್ಟೇ ಮಾತ್ರೆಯ ಪದವನ್ನು ಹುಡುಕಿ ತೆಗೆಯುವಂತೆ, ಇಲ್ಲಿಯೂ ಕೆಟ್ಟ ಅಳತೆಯೇ ದೋಷದ ಸ್ಥಾನವನ್ನು ತೋರಿಸಿಕೊಟ್ಟಿತು. ಆದುದರಿಂದ ನಡುವಣ ಅಂಕಣವು ೧.೨೦. ಪಕ್ಕದವುಗಳಿಗೆ ಅದರ ಪ್ರಮಾಣವು ೧.೧೮ರ ಸುಮಾರು. ೩:೨ರ ನನ್ನ ಸಿದ್ಧಾಂತವು ನೀರಿನಲ್ಲಿ ಹೋಮ ಮಾಡಿದಂತಾಯಿತು. ಉಳಿದ ೦.೦೩ ಎಲ್ಲಿಂದ ಬಂದಿತು? ಒಂಬತ್ತು ಅಳತೆಗಳನ್ನು ಸರಪಳಿಯಾಗಿ ತೆಗೆದುಕೊಂಡು ಪ್ರತಿಯೊಂದನ್ನೂ ಹತ್ತಿರದ ಸೆಂಟಿಮೀಟರಿಗೆ ತಂದದ್ದರಿಂದ. ಟೇಪಿನ ಶೂನ್ಯವನ್ನು ಎಡದ ಅಂಚಿನಲ್ಲಿ ಹಿಡಿದಿಟ್ಟು, ಅದನ್ನು ಕದಲಿಸದೆ, ಕಂಬಗಳ ಅಂಚುಗಳನ್ನು ೦.೪೨, ೦.೭೮, ೧.೮೦ ಎಂದು ಸಾಲಾಗಿ ಓದಿದ್ದರೆ ಈ ಮೂರು ಸೆಂಟಿಮೀಟರು ಕೂಡಿಬರುತ್ತಲೇ ಇರಲಿಲ್ಲ. ನಂದಿಯ ತೊಡಕೂ ಅಡ್ಡಬರುತ್ತಿರಲಿಲ್ಲ.

ನಕಾಶೆಗಾರನು ಮಾಡಿದ ಕೆಲಸವನ್ನು ಇಲ್ಲಿ ತುಸು ವಿಸ್ತಾರವಾಗಿ ವಿಚಾರಿಸಬೇಕಾಗಿದೆ. ಯಾಕಂದರೆ ಗಣಕಯಂತ್ರದ ನಕಾಶೆಗೂ ಮಸಿಯ ನಕಾಶೆಗೂ ಇರುವ ಮುಖ್ಯಭೇದವು ಇಲ್ಲಿಯೇ ಇದೆ. ಮಸಿಯಿಂದ ಎಳೆಯುವ ಕಾಲದಲ್ಲಿ ಗೆರೆ ಬೇರೆ, ಅಂಕಿ ಬೇರೆ. ಎರಡನ್ನೂ ಮನುಷ್ಯನೇ ಬರೆಯಬೇಕು. ಅಮೇರಿಕೆಯ ಮ್ಯಾಸಚೂಸೆಟ್ಸ್ ತಂತ್ರವಿದ್ಯಾಲಯದಲ್ಲಿ ಐವನ್ ಸದರ್ಲ್ಯಾಂಡ್ ಎಂಬವರು ೧೯೬೩ರಲ್ಲಿ ಸ್ಕೆಚ್‌ಪ್ಯಾಡ್ ಎಂಬದನ್ನು ರಚಿಸಿದಂದಿನಿಂದ ಗಣಕಯಂತ್ರದ ಪರದೆಯ ಮೇಲೆ ಎಳೆಯುವದು ಪ್ರಾರಂಭವಾಯಿತು. ೧೯೮೨ರ ಡಿಸೆಂಬರದಲ್ಲಿ ಬಂದ ಆಟೋಕ್ಯಾಡ್ ಎಂಬ ತಂತ್ರಾಂಶವು ಈಗ ತಾಲೂಕಿನ ಪೇಟೆಗಳಲ್ಲಿಯೂ ಬಳಕೆಯಲ್ಲಿದೆ. ಹಣ ಕೊಡದೆ ದೊರೆಯುವ ಲಿಬ್ರೆಕ್ಯಾಡ್, ಫ್ರೀಕ್ಯಾಡ್‌ಗಳೂ ಇವೆ. ಇವುಗಳಲ್ಲಿ ನಾವು ವಸ್ತುವನ್ನು ಅದರ ನಿಜವಾದ ಗಾತ್ರದಲ್ಲಿಯೇ ಎಳೆಯುವೆವು. ಎರಡು ಬಿಂದುಗಳನ್ನು ಮುಟ್ಟಿ ತೋರಿಸಿದರೆ ಅಳತೆಗೆರೆ, ಚಾಚುಗೆರೆ, ಬಾಣ, ಅಂಕಿ ನಾಲ್ಕೂ ತಾವಾಗಿ ಮೂಡುವವು. ಅಂಕಿಯು ಯಾರೋ ಬರೆದದ್ದಲ್ಲ. ಆಕೃತಿಯಿಂದ ಯಂತ್ರವು ಓದಿದ್ದು. ಬಿಂದುವನ್ನು ಸರಿಸಿದರೆ ಅಂಕಿಯೂ ಬದಲಾಗುವದು. ಈ ಸಂಬಂಧವನ್ನು ಕಾಯುವ ಏರ್ಪಾಡಿಗೆ ಆಟೋಕ್ಯಾಡಿನಲ್ಲಿ ಡಿಮ್‌ಅಸೋಕ್ ಎಂದು ಹೆಸರು. ಅದರ ಬೆಲೆಯು ೨ ಎಂದಿದ್ದರೆ ಅಳತೆಯು ಆಕೃತಿಗೆ ಅಂಟಿಕೊಂಡಿರುವದು. ೧ ಎಂದಿದ್ದರೆ ಬಿಡಿಯಾಗಿರುವದು. ೦ ಎಂದಿದ್ದರೆ ಅಳತೆಯು ಅಂಗಾಂಗಗಳಾಗಿ ಒಡೆದು ಬರಿಯ ಗೆರೆ, ಬರಿಯ ಅಂಕಿಯಾಗಿ ಉಳಿಯುವದು.

ಕ್ಷೇತ್ರದ ಟಿಪ್ಪಣಿಯಿಂದ ನಕಾಶೆಯನ್ನು ಎಳೆಯುವವನಿಗೆ ಇದು ಎಂಥ ಉಪಕಾರಿಯೆಂಬದನ್ನು ಯೋಚಿಸಬೇಕು. ಟಿಪ್ಪಣಿಯಂತೆ ಎಳೆದ ಬಳಿಕ ಯಂತ್ರವು ತೋರಿಸುವ ಒಟ್ಟು ಅಳತೆಯು ಟಿಪ್ಪಣಿಯ ಒಟ್ಟಿಗೆ ಹೊಂದದಿದ್ದರೆ ಎಲ್ಲಿಯೋ ತಪ್ಪಿದೆಯೆಂದು ಅದೇ ಕ್ಷಣದಲ್ಲಿ ತಿಳಿಯುವದು. ನನ್ನ ಮಂಟಪದ ವಿಷಯದಲ್ಲಿ ಯಂತ್ರವು ೫.೮೭ ಎಂದು ಸಾಕ್ಷ್ಯವನ್ನು ನುಡಿದೇ ಇತ್ತು. ಸಾಕ್ಷಿಯ ಬಾಯನ್ನು ಕಟ್ಟಿ, ನಮಗೆ ಬೇಕಾದ ಮಾತನ್ನು ಅದರ ಹೆಸರಿನಲ್ಲಿ ಬರೆದಂತಾಯಿತು. ಹಸ್ತಪ್ರತಿಯ ಪಾಠವು ಅರ್ಥವಾಗದಿದ್ದಾಗ ಅದನ್ನು ತಿದ್ದುವದು ಸಂಪಾದಕನ ಅಧಿಕಾರವೇ. ಆದರೆ ತಿದ್ದಿದ್ದನ್ನು ಹೇಳದೆ, ಮೂಲಪಾಠವನ್ನು ಅಡಿಟಿಪ್ಪಣಿಯಲ್ಲಿಯೂ ಕೊಡದೆ ಅಚ್ಚು ಹಾಕಿಸಿದವನನ್ನು ನಾವು ಏನೆನ್ನುವೆವು? ಅಳತೆಯ ಅಂಕಿಯನ್ನು ಗುಟ್ಟಾಗಿ ಕೈಯಿಂದ ಬದಲಿಸುವದು ಅದೇ ಅಪರಾಧವು. ನಕಾಶೆಗಾರನೊಬ್ಬನನ್ನೇ ನಾನು ದೂರುವದಿಲ್ಲ. ಅವನಿಗೆ ಟಿಪ್ಪಣಿಯನ್ನು ಒಗೆದು, ಬೇಗ ಮುಗಿಸಬೇಕೆಂದು ಹೇಳಿ ಬಂದವನು ನಾನೇ.

ಇನ್ನು ಕಣ್ಣಿಗೆ ಕಾಣುವ ಅಚ್ಚುಕಟ್ಟಿನ ಮಾತು. ಅಳತೆಗೆರೆಗಳನ್ನು ಆಕೃತಿಯ ಹೊರಗೆ ಇಡತಕ್ಕದ್ದು. ಚಿಕ್ಕ ಅಳತೆಗಳು ಆಕೃತಿಗೆ ಹತ್ತಿರ, ದೊಡ್ಡವು ಅವುಗಳ ಹೊರಗೆ. ಹೀಗಾದರೆ ದೊಡ್ಡ ಅಳತೆಯ ಚಾಚುಗೆರೆಯು ಚಿಕ್ಕದರ ಅಳತೆಗೆರೆಯನ್ನು ತುಂಡರಿಸದು. ಚಾಚುಗೆರೆಗಳು ಪರಸ್ಪರ ಹಾಯ್ದರೆ ಬಾಧಕವಿಲ್ಲ. ಅಳತೆಗೆರೆಯ ಮೇಲೆ ಮತ್ತೊಂದು ಗೆರೆ ಹಾಯಬಾರದು. ಆಕೃತಿಯ ಅಂಚು ದಪ್ಪ, ಅಳತೆಗೆರೆ ಅದರ ಅರ್ಧದಷ್ಟು ತೆಳುವು. ಚಾಚುಗೆರೆಯು ಆಕೃತಿಗೆ ತಾಗದೆ ಕೂದಲೆಳೆಯಷ್ಟು ದೂರದಿಂದ ಹೊರಟು, ಅಳತೆಗೆರೆಯನ್ನು ತುಸು ದಾಟಿ ನಿಲ್ಲುವದು. ಅಂಕಿಗಳು ಕಾಗದದ ಕೆಳಬದಿಯಿಂದಲೋ ಬಲಬದಿಯಿಂದಲೋ ಓದಲು ಬರುವಂತಿರಬೇಕೇ ಹೊರತು ಓದುಗನು ತಲೆಕೆಳಗಾಗಿ ನಿಲ್ಲುವಂತಾಗಬಾರದು.

ಯಂತ್ರದಲ್ಲಿ ಈ ಅಂತರಗಳನ್ನೆಲ್ಲ ಒಂದೊಂದು ಗೆರೆಗೆ ಬೇರೆ ಬೇರೆ ಹೇಳಬೇಕಾದದ್ದಿಲ್ಲ. ಡಿಮ್‌ಸ್ಟೈಲ್ ಎಂಬ ಒಂದೆಡೆಯಲ್ಲಿ ಒಮ್ಮೆ ನಿಯಮಿಸಿದರೆ ಅದು ವ್ಯಾಕರಣದ ಅಧಿಕಾರಸೂತ್ರದಂತೆ ಮುಂದಿನ ಎಲ್ಲ ಅಳತೆಗಳಿಗೂ ಅನುವರ್ತಿಸುವದು. ಆಟೋಕ್ಯಾಡ್ ಮೀಟರು ಪದ್ಧತಿಗಾಗಿ ಮೊದಲೇ ಕೊಟ್ಟಿರುವ ಶೈಲಿಯಲ್ಲಿ ಅಂಕಿಯ ಎತ್ತರ ೨.೫ ಮಿಲಿಮೀಟರು, ಬಾಣ ೨.೫, ಒಂದರ ಮೇಲೊಂದು ಬರುವ ಅಳತೆಗೆರೆಗಳ ನಡುವೆ ೩.೭೫, ಚಾಚುಗೆರೆಯ ದೂರ ೦.೬೨೫, ಅದು ದಾಟುವದು ೧.೨೫ ಎಂದಿದೆ. ಇವುಗಳಲ್ಲಿ ೩.೭೫ ತೀರ ಇಕ್ಕಟ್ಟೆಂದು ನನ್ನ ಅಭಿಪ್ರಾಯ. ಏಳು-ಎಂಟು ಇಟ್ಟರೆ ಅಚ್ಚಿನಲ್ಲಿ ಹಗುರಾಗಿ ಕಾಣುವದು. ಈಗಾಗಲೇ ಎಳೆದ ಗೆರೆಗಳು ಏರುಪೇರಾಗಿದ್ದರೆ ಡಿಮ್‌ಸ್ಪೇಸ್ ಎಂಬ ಆಜ್ಞೆಯು ಅವನ್ನು ಸಮದೂರಕ್ಕೆ ತರುವದು; ಹಾಯಲೇಬೇಕಾದಲ್ಲಿ ಡಿಮ್‌ಬ್ರೇಕ್ ಎಂಬದು ಗೆರೆಯನ್ನು ತುಂಡರಿಸಿ ದಾರಿ ಬಿಡುವದು. ಅಳತೆಗಳನ್ನೆಲ್ಲ ಆಕೃತಿಯಿಂದ ಬೇರೆಯಾದ ಒಂದು ಪದರದಲ್ಲಿ ಇಟ್ಟರೆ ಬೇಕಾದಾಗ ಮರೆಮಾಡಿ ಬರಿಯ ಆಕೃತಿಯನ್ನು ಮುದ್ರಿಸಬಹುದು. ಕೈಯಿಂದ ಎಳೆಯುವ ಕಾಲದಲ್ಲಿ ಒಂದೊಂದು ಗೆರೆಗೂ ಶ್ರಮವಿದ್ದುದರಿಂದ ಬೇಡದ್ದನ್ನು ಯಾರೂ ಎಳೆಯುತ್ತಿರಲಿಲ್ಲ. ಈಗ ಒಂದು ಒತ್ತಿಗೆ ಒಂದು ಅಳತೆ. ಅದರಿಂದಲೇ ಈ ಜೇಡರಬಲೆ.

ಪತ್ರಿಕೆಯ ಲೇಖಕರು ಅತ್ಯಂತ ಹೆಚ್ಚಾಗಿ ಎಡವುವದು ಗಾತ್ರದ ವಿಷಯದಲ್ಲಿ. ನನ್ನ ಮಂಟಪವನ್ನು ನಕಾಶೆಗಾರನು ದೊಡ್ಡ ಹಾಳೆಯಲ್ಲಿ ೧:೨೦ರಂತೆ ಮುದ್ರಿಸಿದ್ದನು, ೫.೪೮ ಮೀಟರು ಅಲ್ಲಿ ೨೭.೪ ಸೆಂಟಿಮೀಟರು. ಹನ್ನೊಂದು ಸೆಂಟಿಮೀಟರು ಅಗಲದ ಪತ್ರಿಕೆಯ ಪುಟಕ್ಕೆ ಅದನ್ನು ಇಳಿಸಿದಾಗ ೨.೫ ಮಿಲಿಮೀಟರಿನ ಅಂಕಿಯು ೧ ಮಿಲಿಮೀಟರಾಯಿತು. ಅದನ್ನು ಓದಲು ಭೂತಗನ್ನಡಿ ಬೇಕು. ಅಂಕಿಗಳನ್ನು ಕೂಡಿಸಿ ನೋಡುವವರು ಒಂದೂವರೆ ವರುಷ ಸಿಕ್ಕದಿದ್ದುದಕ್ಕೆ ಇದೂ ಒಂದು ಕಾರಣವಿರಬಹುದು. ಅದೇ ಮಂಟಪವನ್ನು ೧:೫೦ಕ್ಕೆ ಯೋಜಿಸಿದ್ದರೆ ಅಗಲವು ಸುಮಾರು ೧೧ ಸೆಂಟಿಮೀಟರಾಗಿ ಪುಟಕ್ಕೆ ಸರಿಯಾಗಿ ಕೂಡುತ್ತಿತ್ತು. ವಸ್ತುವು ಯಂತ್ರದೊಳಗೆ ನಿಜಗಾತ್ರದಲ್ಲಿರುವದರಿಂದ ಕಾಗದದ ಮೇಲೆ ೨.೫ ಮಿಲಿಮೀಟರು ಬರಬೇಕಾದರೆ ಅಲ್ಲಿ ಅಂಕಿಯ ಎತ್ತರವು ಐವತ್ತು ಪಟ್ಟು, ಎಂದರೆ ೧೨೫ ಮಿಲಿಮೀಟರು ಇರಬೇಕು. ಆದುದರಿಂದ ಅಳತೆಗಳನ್ನು ಹಾಕುವ ಮೊದಲೇ ಪುಟದ ಅಗಲವನ್ನು ಸಂಪಾದಕರಿಂದ ಕೇಳಿಕೊಳ್ಳಬೇಕು. ಇದರ ಜೊತೆಗೆ, ಹಳೆಯ ಸರ್ವೇಕ್ಷಣಗ್ರಂಥಗಳ ಪಟಗಳಲ್ಲಿ ಕಾಣುವ ಅಳತೆಪಟ್ಟಿಯನ್ನು ನಕಾಶೆಯ ಅಡಿಯಲ್ಲಿ ತಪ್ಪದೆ ಹಾಕಬೇಕು. ಮುದ್ರಕನು ನಕಾಶೆಯನ್ನು ಹಿಗ್ಗಿಸಲಿ ಕುಗ್ಗಿಸಲಿ, ಪಟ್ಟಿಯೂ ಅದರೊಡನೆ ಹಿಗ್ಗಿ ಕುಗ್ಗಿ ನಿಜವನ್ನೇ ಹೇಳುವದು. ‘೧:೫೦’ ಎಂಬ ಬರಹವು ಸುಳ್ಳಾಗುವದು.

೧:೫೦ರಲ್ಲಿ ೦.೩೬ ಮೀಟರಿನ ಕಂಬವು ಕಾಗದದ ಮೇಲೆ ೭.೨ ಮಿಲಿಮೀಟರು ಮಾತ್ರ. ‘೦.೩೬’ ಎಂಬ ಬರಹವೇ ಹೆಚ್ಚು ಕಡಮೆ ಅಷ್ಟು ಅಗಲವಾಗುವದರಿಂದ ಬಾಣಗಳಿಗೆ ಎಡೆಯಿಲ್ಲ. ಇಂಥಲ್ಲಿ ಬಾಣಕ್ಕೆ ಬದಲು ಓರೆಗೀಟು ಹಾಕಬಹುದು. ಅದಕ್ಕಿಂತ ಮೇಲಾದ ಉಪಾಯವೆಂದರೆ ಲಾಘವ. ‘ಅಳತೆಗಳೆಲ್ಲ ಸೆಂಟಿಮೀಟರುಗಳಲ್ಲಿ’ ಎಂದು ಒಮ್ಮೆ ಬರೆದುಬಿಟ್ಟರೆ ‘೩೬’ ಎಂಬ ಎರಡು ಅಕ್ಷರ ಸಾಕು. ಅರ್ಧಮಾತ್ರೆಯ ಉಳಿತಾಯದಿಂದ ಪುತ್ರೋತ್ಸವದ ಸಂತೋಷಪಡುವ ವೈಯಾಕರಣರ ಮಾತನ್ನು ಇಲ್ಲಿ ನೆನೆಯಬಹುದು. ಆದರೆ ಕಂಬಗಳೆಲ್ಲ ಸಮವೆಂದು ಒಂದರ ಅಳತೆಯನ್ನು ಬರೆದು ಉಳಿದವುಗಳನ್ನು ಬಿಡುವದು ಹೊಸ ಕಟ್ಟಡಕ್ಕೆ ಯುಕ್ತವು. ಹಳೆಯ ಶಿಲಾಕೃತಿಗೆ ಯುಕ್ತವಲ್ಲ.

ದಶಮಾಂಶದ ಸ್ಥಾನಗಳನ್ನು ಎಷ್ಟು ಬರೆಯಬೇಕೆಂಬದು ಮುಂದಿನ ಪ್ರಶ್ನೆ. ಯಂತ್ರವು ಎಂಟು ಸ್ಥಾನಗಳ ವರೆಗೂ ಕೊಡಬಲ್ಲದು. ಸೆಂಟಿಮೀಟರಿಗೆ ಓದಿದ ಟೇಪಿನ ಅಳತೆಯನ್ನು ೫.೪೮೦೦ ಎಂದು ಬರೆಯುವದು ಕಾಣದ್ದನ್ನು ಕಂಡೆನೆಂದಂತೆ. ಇದಕ್ಕೆ ನಮ್ಮ ಸೀಮೆಯಲ್ಲಿ ಎಲ್ಲರ ಬಾಯಲ್ಲಿರುವ ಒಂದು ದೃಷ್ಟಾಂತವಿದೆ. ಆಲಮಟ್ಟಿಯ ನೀರಿನ ಮಟ್ಟವನ್ನು ೫೧೯.೬ ಮೀಟರಿನ ವರೆಗೆ ಏರಿಸಲು ಸರ್ವೋಚ್ಚ ನ್ಯಾಯಾಲಯವು ೨೦೦೦ದಲ್ಲಿ ಒಪ್ಪಿತು. ಕೃಷ್ಣಾ ನದಿಯ ಎರಡನೆಯ ನ್ಯಾಯಾಧಿಕರಣವು ೨೦೧೦ರ ಡಿಸೆಂಬರ ೩೦ರಂದು ೫೨೪.೨೫೬ ಮೀಟರಿಗೆ ಅನುಮತಿಯನ್ನು ಕೊಟ್ಟಿತು. ಈ ೫೨೪.೨೫೬ ಎಂಬ ಅಂಕಿಯನ್ನು ಕೇಳಿದವರು ಯಾರೋ ಕೃಷ್ಣೆಯನ್ನು ಮಿಲಿಮೀಟರಿನ ವರೆಗೆ ಅಳೆದಿದ್ದಾರೆಂದು ಭಾವಿಸುವರು. ಅಡಿಗೆ ೦.೩೦೪೮ ಮೀಟರಿನಂತೆ ಭಾಗಿಸಿ ನೋಡಿದರೆ ಅದು ಸರಿಯಾಗಿ ೧೭೨೦ ಅಡಿ! ಅಡಿಯಲ್ಲಿ ದುಂಡಾಗಿದ್ದ ಸಂಖ್ಯೆಯು ಮೀಟರಿಗೆ ಬರುವಾಗ ಮೂರು ದಶಮಾಂಶಗಳನ್ನು ಹೊತ್ತುಕೊಂಡು ಬಂದಿದೆ. ೫೧೯.೬ ಎಂಬದು ಅಡಿಯಲ್ಲಿ ೧೭೦೪.೭೨, ಅದು ಮೀಟರಿನಲ್ಲಿಯೇ ಹುಟ್ಟಿದ ಸಂಖ್ಯೆಯಂತೆ ತೋರುವದು. ಹೀಗೆ ಅಂಕಿಯ ಬಾಲವು ಅದು ಯಾವ ಮಾನದಲ್ಲಿ ಹುಟ್ಟಿತೆಂಬದನ್ನು ಹೇಳಿಕೊಡುವದು. ಪದದ ಪ್ರತ್ಯಯವು ಅದರ ಭಾಷೆಯನ್ನು ಹೇಳಿಕೊಡುವಂತೆ. ಎರಡರ ನಡುವಿನ ೪.೬೫೬ ಮೀಟರಿನಲ್ಲಿ ಎಷ್ಟು ಹೊಲ ಮನೆಗಳು ಇರುವವೆಂಬದು ತೀರದವರಿಗೆ ಚೆನ್ನಾಗಿ ಗೊತ್ತು. ಆದುದರಿಂದ ಹಳೆಯ ಅಳತೆಯನ್ನು ಮೀಟರಿಗೆ ತಿರುಗಿಸಿ ಬರೆಯುವಾಗ ಮೂಲಮಾನವನ್ನೂ ಆವರಣದಲ್ಲಿ ಕೊಡುವದು ಒಳ್ಳೆಯದು. ಮಂಟಪದ ಶಿಲ್ಪಿಯು ಮೀಟರನ್ನು ಕಂಡವನಲ್ಲ. ಅವನದು ಅಂಗುಲ, ಗೇಣು, ಮೊಳ, ಕೋಲು. ಬಳ್ಳಿಗಾವೆಯ ಕಡೆಯ ಶಾಸನಗಳಲ್ಲಿ ಬರುವ ಭೇರುಂಡ ಗಳೆಯಂಥ ಮಾನಗಳನ್ನು ಬಲ್ಲವರು ಒಂದೊಂದು ಸೀಮೆಗೂ ಒಂದೊಂದು ಗಳೆಯಿದ್ದುದನ್ನು ಅರಿಯರೆ? ಮೂಲದ ಮಾನವನ್ನು ಕಂಡುಹಿಡಿಯಬೇಕಾದರೆ ಅಳತೆಗಳು ಶುದ್ಧವಾಗಿರಬೇಕು, ದುಂಡಗೆ ಮಾಡಿದವಾಗಿರಬಾರದು.

ಪುನರುಕ್ತಿಯ ವಿಷಯದಲ್ಲಿ ನನಗೂ ನಕಾಶೆಗಾರರಿಗೂ ಅಭಿಪ್ರಾಯಭೇದವಿದೆ. ಒಂದು ಅಳತೆಯನ್ನು ಒಂದೇ ಸಲ ಬರೆಯಬೇಕು, ಬಿಡಿ ಅಳತೆಗಳಿಂದ ತಾನಾಗಿ ಸಿದ್ಧಿಸುವ ಒಟ್ಟನ್ನು ಬರೆದರೆ ಆವರ್ಣದಲ್ಲಿ ಇಡಬೇಕು ಎಂಬದು ಅವರ ಶಾಸ್ತ್ರ. ಕಟ್ಟಲಿರುವ ಮನೆಗೆ ಇದು ಸರಿಯೇ: ಒಂದೆಡೆ ತಿದ್ದಿ ಇನ್ನೊಂದೆಡೆ ಮರೆತರೆ ಗವಂಡಿಯು ಯಾವದನ್ನು ನಂಬಬೇಕು? ಆದರೆ ಇದ್ದ ಕಟ್ಟಡವನ್ನು ದಾಖಲಿಸುವ ನಕಾಶೆಯಲ್ಲಿ ಒಟ್ಟು ಅಳತೆಯು ಬಿಡಿಗಳ ಮೊತ್ತವಲ್ಲ. ಅದು ಸ್ವತಂತ್ರವಾಗಿ ಅಳೆದ ಮತ್ತೊಂದು ಪ್ರಮಾಣ. ಎರಡು ಪ್ರತಿಗಳಿರುವ ಗ್ರಂಥವನ್ನು ಒಂದು ಪ್ರತಿಯಿಂದ ಸಂಪಾದಿಸುವದು ಜಾಣತನವಲ್ಲ. ನನ್ನ ಟಿಪ್ಪಣಿಯಲ್ಲಿ ೫.೪೮ ಇರದೆ ಹೋಗಿದ್ದರೆ ನಡುವಣ ಅಂಕಣದ ದೋಷವು ಎಂದಿಗೂ ಹೊರಬೀಳುತ್ತಿರಲಿಲ್ಲ. ಆದುದರಿಂದ ಎರಡನ್ನೂ ಬರೆಯಬೇಕು. ಹೊಂದದಿದ್ದರೆ ಹೊಂದದ್ದನ್ನು ಹಾಗೆಯೇ ತೋರಿಸಬೇಕು.

ಮಾನಸಾರದಲ್ಲಿ ಅಳತೆಗಳನ್ನು ಆರು ಬಗೆಯಾಗಿ ವಿಂಗಡಿಸಿರುವದನ್ನು ಇಲ್ಲಿ ಜ್ಞಾಪಿಸಿಕೊಳ್ಳಬಹುದು. ಎತ್ತರಕ್ಕೆ ಮಾನ, ಅಗಲಕ್ಕೆ ಪ್ರಮಾಣ, ಸುತ್ತಳತೆಗೆ ಪರಿಮಾಣ, ತೂಗುನೂಲಿನಿಂದ ಅಳೆದದ್ದಕ್ಕೆ ಲಂಬಮಾನ, ದಪ್ಪಕ್ಕೆ ಉನ್ಮಾನ, ಎರಡು ಅಂಗಗಳ ನಡುವಿನ ತೆರಪಿಗೆ ಉಪಮಾನ. ಆಲಂಕಾರಿಕರ ಉಪಮಾನವು ಇದಲ್ಲ. ಇದು ವಿಗ್ರಹದ ಅಳತೆಗಾಗಿ ಹೇಳಿದ್ದಾದರೂ, ತೆರಪಿಗೆ ಬೇರೆಯ ಹೆಸರನ್ನೇ ಇಟ್ಟ ಆ ಶಾಸ್ತ್ರಕಾರನ ಸೂಕ್ಷ್ಮಬುದ್ಧಿಯು ಮೆಚ್ಚತಕ್ಕದ್ದು. ನಾನು ಅಂದು ಮಂಟಪದಲ್ಲಿ ‘ಉಪಮಾನ ಒಂದು ಇಪ್ಪತ್ತು’ ಎಂದು ಕೂಗಬೇಕಾಗಿತ್ತು. ತೆರಪನ್ನು ಅಳೆಯಲು ಬರುವಂತಿರದಿದ್ದರೆ, ಅಳೆದದ್ದು ತೆರಪಲ್ಲವೆಂದಾದರೂ ಹೇಳಬೇಕಾಗಿತ್ತು.

ಮಂಟಪದ ನಕಾಶೆಯನ್ನು ಈಗ ಹೊಸದಾಗಿ ಎಳೆಯಿಸಿದ್ದೇನೆ. ಅಳತೆಗಳು ಸೆಂಟಿಮೀಟರುಗಳಲ್ಲಿವೆ. ಒಳಗಿನ ಸಾಲಿನಲ್ಲಿ ಬಿಡಿ ಅಳತೆಗಳು. ಅವುಗಳಲ್ಲಿ ನಡುವಣ ಅಂಕಣದ ೧೨೦ ಆವರಣದಲ್ಲಿದ್ದು, ‘ಅಳೆದದ್ದಲ್ಲ, ಕಂಬಗಳ ಮಧ್ಯಾಂತರ ೧೫೬ರಿಂದ ಕಳೆದು ತಂದದ್ದು’ ಎಂಬ ಟಿಪ್ಪಣಿಯನ್ನು ಹೊತ್ತಿದೆ. ೧೫೬ಕ್ಕೆ ಬೇರೆ ಅಳತೆಗೆರೆಯಿದ್ದು ಅದರ ಚಾಚುಗೆರೆಗಳು ಕಂಬಗಳ ನಡುಗೆರೆಗಳಿಂದ ಹೊರಟಿವೆ. ಹೊರಗಿನ ಸಾಲಿನಲ್ಲಿ ನೇರವಾಗಿ ಅಳೆದ ೫೪೮. ಬಿಡಿಗಳನ್ನು ಕೂಡಿಸಿದರೆ ೫೫೧ ಬರುವದು. ಆ ಮೂರನ್ನು ಯಾವದರೊಳಗೂ ಸೇರಿಸಿಲ್ಲ. ಹುಡುಗನು ಬರೆದ ಮೂಲ ಟಿಪ್ಪಣಿಯ ಪುಟವನ್ನೂ ಛಾಯಾಚಿತ್ರವಾಗಿ ಜೊತೆಗೆ ಇಟ್ಟಿದ್ದೇನೆ. ಬಲದ ಅಂಚಿನ ೦.೪೧ ಎಂಬಲ್ಲಿಯ ಕೊನೆಯ ಅಂಕಿಯನ್ನು ೪ ಎಂದು ಓದಬೇಕೋ ೧ ಎಂದು ಓದಬೇಕೋ ಎಂಬದನ್ನು ನೋಡಿದವರೇ ನಿರ್ಣಯಿಸಲಿ.